ಸೊಂಟದಲ್ಲಿ ಪಿಸ್ತೂಲು ಇಟ್ಕೊಂಡು ಅಂಗಡಿಗೆ ಬರ್ತಾರೆ: ಟೆಕ್ಸಾಸ್ ಕನ್ನಡಿಗರೇ, ನೀವು ಹೇಗೆ ನಿಭಾಯಿಸ್ತೀರಿ?

ಸೀಡರ್‌ಪಾರ್ಕ್_ಮೈಸೂರಿಗ

ಎಲ್ರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ಗೆ ಬಂದಿದ್ದೀವಿ, ಸಾಮಾನು ಇನ್ನೂ ಪೂರ್ತಿ ಬಿಚ್ಚಿಲ್ಲ. ಕರಿಬೇವಿನ ಗಿಡಕ್ಕೆ ದೊಡ್ಡ ಕುಂಡ ತರೋಣ ಅಂತ ಶನಿವಾರ ಮಗಳನ್ನ ಕರ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬಿಲ್ ಹಾಕ್ಸೋ ಸಾಲಲ್ಲಿ ಮುಂದೆ ನಿಂತಿದ್ದವನದ್ದು ಚಡ್ಡಿ, ಟೀ ಶರ್ಟು, ಹವಾಯಿ ಚಪ್ಪಲಿ. ಬಲಸೊಂಟಕ್ಕೆ ಕಂದು ಚರ್ಮದ ಹೋಲ್‌ಸ್ಟರ್, ಅದರೊಳಗೆ ಪಿಸ್ತೂಲು. ಅವನ ಮಗು ಗಾಡಿಯಲ್ಲಿ ಕೂತು ಐಸ್‌ಕ್ಯಾಂಡಿ ಚೀಪ್ತಾ ಇತ್ತು. ಪಿಸ್ತೂಲಿನ ಹಿಡಿ ಸರಿಯಾಗಿ ನನ್ನ ಮಗಳ ಕಣ್ಣಿನ ಮಟ್ಟಕ್ಕೆ. ಅವಳು ಜೋರಾಗಿ "ಅಪ್ಪಾ, ಇವ್ರು ಪೊಲೀಸಾ?" ಅಂದಳು. ಅವನು ತಿರುಗಿ ನಕ್ಕ. ನಾನೂ ನಕ್ಕೆ, ಬೆನ್ನು ಮಾತ್ರ ಒದ್ದೆ.

ಇದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಾ? ಲೈಸೆನ್ಸ್ ಬೇಡವಾ? ಹೀಗೆ ಕಂಡಾಗ ನೀವು ಹೊರಗೆ ಬಂದುಬಿಡ್ತೀರಾ, ಏನೂ ಆಗಿಲ್ಲ ಅನ್ನೋ ಹಾಗೆ ಇರ್ತೀರಾ? ನನ್ನಾಕೆ ವಾಪಸ್ ನ್ಯೂಜೆರ್ಸಿಗೇ ಹೋಗೋಣ ಅಂತ ಹಟ ಹಿಡಿದಿದ್ದಾಳೆ. ಗನ್ ಇರಬೇಕಾ ಬೇಡವಾ ಅನ್ನೋ ಜಗಳ ಇಲ್ಲಿ ಬೇಡ, ಕೈ ಮುಗೀತೀನಿ. ಅದು ಎಲ್ಲಾ ಕಡೆ ಸಿಗುತ್ತೆ.

ಮದ್ದೂರ್_ಗೌಡ_ಡಲ್ಲಾಸ್

ಟೆಕ್ಸಾಸ್‌ಗೆ ಸ್ವಾಗತ ಗುರು. ಅವಕಾಶ ಇದೆ. ಕಾನೂನಿನಲ್ಲಿ ಬರೆದಿರೋದು 21 ವರ್ಷ ತುಂಬಿರ್ಬೇಕು ಅಂತ (18ರಿಂದ 20ರವರನ್ನ ಬರೀ ವಯಸ್ಸಿನ ಕಾರಣಕ್ಕೆ ತಡೆಯಂಗಿಲ್ಲ ಅಂತ 2022ರಲ್ಲಿ ಫೆಡರಲ್ ಕೋರ್ಟ್ ಹೇಳೈತೆ), ಅಪರಾಧದ ಹಿನ್ನೆಲೆ ಥರದ ಅಡ್ಡಿ ಇರಬಾರದು. ಅಷ್ಟಿದ್ರೆ 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸೂ ಬೇಡ, ಹೋಲ್‌ಸ್ಟರ್‌ನಲ್ಲಿ ಇದ್ರೆ ಸಾಕು. ಅದಕ್ಕೆ ಮುಂಚೆ 2016ರ ಜನವರಿ 1ರಿಂದ ಲೈಸೆನ್ಸ್ ಇದ್ದೋರು ಮಾತ್ರ ಕಾಣೋ ಹಂಗೆ ಇಟ್ಕೋಬಹುದಿತ್ತು. ಅದಕ್ಕೂ ಹಿಂದೆ, ಲೈಸೆನ್ಸ್ ಇದ್ರೂ ಬಟ್ಟೆ ಒಳಗೇ ಇರ್ಬೇಕಿತ್ತು.

ತಮಾಷೆ ಏನಪ್ಪಾ ಅಂದ್ರೆ, ಕೌಬಾಯ್ ನಾಡು ಅಂತ ನಾವು ಅಂದ್ಕೊಂಡಿರೋ ಈ ಟೆಕ್ಸಾಸ್ 1871ರಲ್ಲೇ ಪಿಸ್ತೂಲು ಹೊತ್ಕೊಂಡು ತಿರುಗೋದಕ್ಕೆ ಕಡಿವಾಣ ಹಾಕಿತ್ತು. ಉದ್ದನೆ ರೈಫಲ್ಲಿಗೆ ಮಾತ್ರ ಆ ತಡೆ ಇರ್ಲಿಲ್ಲ. 2015ರಲ್ಲಿ ಹೆಗಲಿಗೆ ಎಆರ್-15 ನೇತಾಕ್ಕೊಂಡು ಬೀದೀಲಿ ಹೋದ್ರೆ ಸರಿ, ಸೊಂಟದಲ್ಲಿ ಅಂಗೈಯಷ್ಟು ಪಿಸ್ತೂಲು ಕಂಡ್ರೆ ಕೇಸು!

ನನ್ನತ್ರಾನೂ ಐತೆ. ಸಿಟಿಜನ್ ಆದ್ಮೇಲೆ ತಗೊಂಡಿದ್ದು. ಬೇಡ ಅಂದ್ರೂ ಲೈಸೆನ್ಸ್ ಮಾಡ್ಸಿದೀನಿ, ಯಾಕಂದ್ರೆ ಬೇರೆ ರಾಜ್ಯಕ್ಕೆ ಹೋದಾಗ ಬೇಕಾಗುತ್ತೆ. ಪಾಠ ಕೇಳ್ಬೇಕು, ಆಮೇಲೆ 3, 7, 15 ಗಜದಿಂದ ಒಟ್ಟು 50 ಗುಂಡು ಹೊಡೆದು ತೋರಿಸ್ಬೇಕು. ಆದ್ರೆ ನಾನು ಯಾವತ್ತೂ ಕಾಣೋ ಹಂಗೆ ಇಟ್ಕೊಂಡು ಹೋಗಲ್ಲ. ಹಿಂದಿನಿಂದ ಬಂದು ಕಿತ್ಕೊಂಡ್ರೆ? ನಿಜವಾಗ್ಲೂ ದರೋಡೆಗೆ ಬಂದವನು ಮೊದಲು ಯಾರನ್ನ ಹೊಡೀತಾನೆ ಹೇಳು? ನನ್ನ ಪರಿಚಯದ ಲೈಸೆನ್ಸ್‌ದಾರರಲ್ಲಿ ಮುಕ್ಕಾಲು ಪಾಲು ಜನ ಅಂಗಿ ಕೆಳಗೇ ಇಟ್ಕೋತಾರೆ. ತೋರಿಸ್ಕೊಂಡು ಓಡಾಡೋರನ್ನ ಕಂಡ್ರೆ ಅವರಿಗೂ ಅಷ್ಟಕ್ಕಷ್ಟೆ.

ಇನ್ನೊಂದು. 2016ರ ಜುಲೈ 7ನೇ ತಾರೀಖು ನಮ್ಮ ಡಲ್ಲಾಸ್ ಡೌನ್‌ಟೌನ್‌ನಲ್ಲಿ ಪ್ರತಿಭಟನೆ ನಡೀತಿದ್ದಾಗ ಒಬ್ಬ 5 ಜನ ಪೊಲೀಸರನ್ನ ಗುಂಡಿಕ್ಕಿ ಕೊಂದ. ಆ ಮೆರವಣಿಗೇಲಿ ಕಾನೂನು ಪ್ರಕಾರಾನೇ ರೈಫಲ್ ಹಾಕ್ಕೊಂಡು ಬಂದೋರು ಸುಮಾರು ಜನ ಇದ್ರು. ಅವರಲ್ಲಿ ಒಬ್ಬನ ಫೋಟೋನ ಪೊಲೀಸ್ನೋರು "ಇವನನ್ನ ಹುಡುಕ್ತಿದೀವಿ" ಅಂತ ಟ್ವಿಟರ್‌ಗೆ ಹಾಕಿಬಿಟ್ರು. ಪಾಪ, ಅವನು ತಾನಾಗೇ ಹೋಗಿ ಗನ್ ಒಪ್ಪಿಸಿ, ವಿಚಾರಣೆ ಮುಗಿಸ್ಕೊಂಡು ಮನೆಗೆ ಬಂದ. ಎಲ್ಲರ ಹೆಗಲಲ್ಲೂ ಗನ್ ಇದ್ರೆ ಹೊಡೆದೋನು ಯಾರು ಅಂತ ಪೊಲೀಸರಿಗೇ ಗೊತ್ತಾಗಲ್ಲ. ನಮ್ಮ ಬಣ್ಣದೋರು, ನಮ್ಮ ಉಚ್ಚಾರಣೆಯೋರು ಈ ಉಸಾಬರಿಗೆ ಹೋಗ್ದೇ ಇರೋದು ವಾಸಿ.

ಕೇಟಿ_ಸರೋಜಕ್ಕ

ತಮ್ಮಾ, ಹ್ಯೂಸ್ಟನ್ ಹಂತ್ಯಾಕ ಕೇಟಿಯೊಳಗ ನಮ್ಮದು ಕಿರಾಣಿ ಅಂಗಡಿ. ಹುಬ್ಬಳ್ಳಿ ಬಿಟ್ಟು ಬಂದು ಅರ್ಧ ಆಯುಷ್ಯ ಈ ಕೌಂಟರಿನ ಹಿಂದ ಹೋತು. ಗೌಡ್ರು ಕಾನೂನು ಹೇಳ್ಯಾರ, ನಾನು ಬಾಗಲಾ ಹೇಳ್ತೀನಿ ಕೇಳ್ರಿ. ದಿನಾ ಉಪಯೋಗಕ್ಕ ಬರೂದು ಅದಾ.

ಸರಕಾರ ಏನರ ಹೇಳ್ಲಿ, ಅಂಗಡಿ ಮಾಲಕ ಬ್ಯಾಡ ಅಂದ್ರ ಬ್ಯಾಡ. ಅದನ್ನ ಹೇಳೂ ಬೋರ್ಡಿಗೆ ಕಾನೂನಿನ ಕಲಮಿನ ನಂಬರ್ ಅದಾವ. 30.05 ಅಂದ್ರ ಲೈಸೆನ್ಸ್ ಇಲ್ಲದಾಂವ ತರಂಗಿಲ್ಲ. 30.06 ಅಂದ್ರ ಲೈಸೆನ್ಸ್ ಇದ್ದಾಂವ ಮುಚ್ಚಿಟ್ಟುಕೊಂಡೂ ತರಂಗಿಲ್ಲ. 30.07 ಅಂದ್ರ ಲೈಸೆನ್ಸ್ ಇದ್ರೂ ಕಾಣೂ ಹಂಗ ತರಂಗಿಲ್ಲ. ಬೋರ್ಡ್ ಅಂದ್ರ ಸಣ್ಣದಲ್ಲ. ಕಾನೂನಿನ್ಯಾಗ ಇದ್ದ ಶಬ್ದ ಇದ್ದಂಗ ಬರೀಬೇಕು, ಇಂಗ್ಲಿಷು ಸ್ಪ್ಯಾನಿಷು ಎರಡರಾಗೂ, ಅಕ್ಷರ ಒಂದ ಇಂಚಿಗೆ ಕಮ್ಮಿ ಇರಬಾರದು. ನಾವು 05, 07 ಎರಡೂ ಹಚ್ಚೇವಿ, ಗಾಜಿನ ಬಾಗಲಾ ಅರ್ಧ ಅದಕ್ಕ ಹೋತು. ಯುಗಾದಿ ಕಾರ್ಯಕ್ರಮದ ಪೋಸ್ಟರ್ ತಂದ ಹುಡುಗ್ರು "ಎಲ್ಲಿ ಹಚ್ಚೂಣ್ರಿ ಅಕ್ಕಾರ" ಅಂತ ನನ್ನ ಮಾರಿ ನೋಡ್ತಾರ. 06 ಯಾಕ ಹಚ್ಚಿಲ್ಲ ಅಂತ ಕೇಳೂ ಮಂದಿ ಅದಾರ. ಅಂಗಿ ಒಳಗ ಇದ್ದದ್ದು ನನಗ ಕಾಣೂದಿಲ್ಲ, ಕಾಣಲಾರದ್ದನ್ನ ಹೆಂಗ ತಡೀಲಿ? ನಮ್ಮ ಕಡೆ ಗುಡಿಗಳಿಗೂ ಇಂಥಾ ಬೋರ್ಡ್ ಹಾಕಿದ್ದು ನೋಡೀರಿ, ಚಪ್ಪಲ್ ಬಿಡೂ ಜಾಗಾದ ಬಾಜೂಕ. ಕೆಂಪು 51% ಬೋರ್ಡ್ ಕಂಡ್ರ ಅದು ಬಾರ್, ಕುಡಿಯೂದ್ರಿಂದನ ಹೆಚ್ಚು ಗಳಿಕಿ ಇರೂ ಜಾಗಾ. ಅಲ್ಲೆ ಯಾರಿಗೂ ಗನ್ ತರಾಕ ಬರೂದಿಲ್ಲ.

ಒಬ್ಬ ಟ್ರಕ್ ಓಡಸಾಂವ ನಮ್ಮಲ್ಲಿ ಸಮೋಸಾಕ್ಕ ಬರ್ತಾನ, ಗಡ್ಡ ಬಿಟ್ಟ ದೊಡ್ಡ ಆಳು. ಒಮ್ಮೆ ಸೊಂಟದಾಗ ಇಟಗೊಂಡ ಬಂದ. "ಸರ್, ಬೋರ್ಡ್ ಐತ್ರಿ" ಅಂದೆ. "ಸಾರಿ ಮ್ಯಾಮ್" ಅಂದು ಹೊರಗ ಹೋಗಿ ಟ್ರಕ್ಕಿನ್ಯಾಗ ಇಟ್ಟು ಬಂದ. ಬಂದಾಂವ ಹಸಿರು ಚಟ್ನಿ ಜಾಸ್ತಿ ಹಾಕ್ರಿ ಅಂದ. ಮುಗೀತು. ಬೋರ್ಡ್ ನೋಡಿ ಒಳಗ ಬಂದ್ರ 200 ಡಾಲರ್‌ತನಾ ದಂಡ. ಹೊರಗ ಹೋಗ್ರಿ ಅಂತ ಬಾಯಿಲೆ ಹೇಳಿದ ಮ್ಯಾಲೂ ಹೋಗಲಿಲ್ಲಂದ್ರ ಜೇಲಿಗೆ ಹೋಗೂವಂಥಾ ಕೇಸು. ಹೆಚ್ಚಿನ ಮಂದಿ ಅಲ್ಲೀತನಾ ಎಳಿಯೂದಿಲ್ಲ.

ನಿಮ್ಮ ಮನಿಯವರ ಅಂಜಿಕಿ ಸುಳ್ಳಲ್ಲ. 2019ರ ಆಗಸ್ಟ್ 3ಕ್ಕ ಎಲ್ ಪಾಸೋ ವಾಲ್‌ಮಾರ್ಟಿನ್ಯಾಗ ಆದ ಗುಂಡಿನ ದಾಳಿಯೊಳಗ 23 ಮಂದಿ ಸತ್ರು. 2023ರ ಮೇ 6ಕ್ಕ ಅಲೆನ್ ಊರಿನ ಮಾಲ್‌ನ್ಯಾಗ 8 ಮಂದಿ, ಅದರಾಗ ನಮ್ಮ ದೇಶದ ಎಂಜಿನಿಯರ್ ಹುಡುಗಿ ಒಬ್ಬಾಕಿ. ಆ ವಾರ ನಮ್ಮ ಅಂಗಡಿಗೆ ಬಂದವರೆಲ್ಲಾ ಬ್ಯಾರೆ ಮಾತಾ ಆಡಲಿಲ್ಲ. ಆದ್ರ ಆ ಇಬ್ಬರೂ ರೈಫಲ್ ಹಿಡಕೊಂಡು ಕೊಲ್ಲಾಕಂತ ಬಂದವರು, ಕೂಸು ಕರಕೊಂಡು ಸಂತಿಗೆ ಬಂದವರಲ್ಲ. ಎಲ್ ಪಾಸೋ ಆದ ಮರು ತಿಂಗಳು ವಾಲ್‌ಮಾರ್ಟ್‌ನವರು ಕಾಣೂ ಹಂಗ ಗನ್ ತರಬ್ಯಾಡ್ರಿ ಅಂತ ಗಿರಾಕಿಗಳಿಗೆ ಕೇಳಿಕೊಂಡ್ರು, ಕ್ರೋಗರ್, ವಾಲ್‌ಗ್ರೀನ್ಸ್ ಅವರ ಬೆನ್ನ ಹತ್ತಿದ್ರು. ಹಿಂಗಾಗಿ ಹಾಲು ಬ್ರೆಡ್ ತರಾಕ ಹೋದಲ್ಲೆ ನಿಮಗ ಇದು ಕಾಣೂದು ಕಮ್ಮಿ.

ಕಂಡ್ರ ಏನ್ ಮಾಡೂದು? ಸೊಂಟಾ ನೋಡಬ್ಯಾಡ್ರಿ, ಕೈ ನೋಡ್ರಿ. ಕೈ ಗಾಡಿ ಮ್ಯಾಲ ಐತಿ, ಪಾಕೀಟಿನ ಮ್ಯಾಲ ಐತಿ ಅಂದ್ರ ಅಂವ ಸಾಮಾನು ಕೊಳ್ಳಾಕ ಬಂದಾನ. ಕೈ ಹಿಡಿಕಿ ಮ್ಯಾಲ ಹೋತು, ದನಿ ಏರಿತು, ಕುಡದಾನ ಅನ್ನಿಸ್ತು ಅಂದ್ರ ಗಾಡಿ ಅಲ್ಲೇ ಬಿಟ್ಟು ಕೂಸಿನ್ನ ಎತಗೊಂಡು ಹೊರಗ ಬರ್ರಿ, ಬಂದು 911 ಹಚ್ರಿ. ಬರೇ ಹೋಲ್‌ಸ್ಟರಿನ್ಯಾಗ ಐತಿ ಅಂತ ಫೋನ್ ಮಾಡಿದ್ರ ಪೊಲೀಸರು "ಏನ್ ಮಾಡಾಕತ್ತಾನ್ರಿ" ಅಂತ ಕೇಳ್ತಾರ, ಹೇಳಾಕ ನಿಮ್ಮ ಹಂತ್ಯಾಕ ಏನೂ ಇರೂದಿಲ್ಲ.

ಈಗ ಖರೇ ಮಾತು. ಆ ಹವಾಯಿ ಚಪ್ಪಲಿ ಮನಷ್ಯಾನ ಗನ್ ನಿಮಗ ಕಾಣಿಸ್ತು, ನೀವು ಹುಷಾರಾದ್ರಿ. ನಿಮ್ಮ ಮಗಳು ನಾಳೆ ಗೆಳತಿ ಮನಿಗೆ ಆಡಾಕ ಹೋಗ್ತಾಳಲ್ಲಾ, ಅಲ್ಲಿ ಮಂಚದ ಬಾಜೂಕ ಡ್ರಾವರಿನ್ಯಾಗ ಇರೂದು ಯಾರಿಗೂ ಕಾಣೂದಿಲ್ಲ. ನಾನಾದ್ರ ನನ್ನ ಮಮ್ಮಕ್ಕಳ ಸಲುವಾಗಿ ಕೇಳೇ ಬಿಡ್ತೀನಿ: "ನಮ್ಮ ಹುಡುಗಿ ತತ್ತಿ ತಿನ್ನೂದಿಲ್ರಿ, ಶೇಂಗಾ ನಡೀತೈತಿ. ನಿಮ್ಮ ಮನ್ಯಾಗ ನಾಯಿ ಐತೇನ್ರಿ? ಗನ್ ಐತೇನ್ರಿ? ಕೀಲಿ ಹಾಕಿ ಇಟ್ಟೀರೇನ್ರಿ?" ಒಂದ ಉಸುರಿನ್ಯಾಗ ಕೇಳಿದ್ರ ಯಾರೂ ಸಿಟ್ಟಾಗೂದಿಲ್ಲ. ಒಬ್ಬಾಕಿ ಅಂತೂ ನನ್ನ ಕೈ ಹಿಡಕೊಂಡು ಒಳಗ ಒಯ್ದು ತಿಜೋರಿನ ತೋರಿಸಿದ್ಲು. ಗುಂಡು ತುಂಬಿದ್ದು 17ರೊಳಗಿನ ಹುಡುಗರ ಕೈಗೆ ಸಿಗೂ ಹಂಗ ಬಿಟ್ರ ಈ ರಾಜ್ಯದಾಗೂ ಅಪರಾಧನ. ನಮ್ಮ ಕನ್ನಡ ಮಂದಿ ಮನಿಗೆ ಹೋದ್ರೂ ಕೇಳ್ರಿ. ಈಗ ನಮ್ಮವರೂ ತಗೋಳಾಕತ್ತಾರ, ಹೇಳೂದಿಲ್ಲ ಅಷ್ಟ.

ಪೊನ್ನಂಪೇಟೆ_ಕಾಫಿ

ಸರೋಜಕ್ಕನ ಮಾತಿಗೆ ನಂದೂ ಒಂದು ಸಹಿ. ನಾನು ಕೊಡವ. ನಮಗೆ ಊರಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ, ದೀಪದ ಮುಂದೆ ಇಡ್ತೀವಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ತೋಟಕ್ಕೆ ಕಾಡುಹಂದಿ ಕಾಟ ಬೇರೆ. ಹೀಗೆ ಕೋವಿ ಜೊತೆ ಬೆಳೆದವನು ಹೇಳ್ತೀನಿ, ಅದನ್ನ ಹೆಗಲಿಗೆ ಹಾಕ್ಕೊಂಡು ಗೋಣಿಕೊಪ್ಪ ಸಂತೆಗೆ ತರಕಾರಿ ತರೋಕೆ ಹೋದರೆ ನಮ್ಮ ಅಜ್ಜನೇ ಬೆನ್ನಿಗೆ ಬಾರಿಸ್ತಿದ್ದರು. ಆಸ್ಟಿನ್‌ಗೆ ಬಂದ ಹೊಸತರಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಗನ್ ಅಲ್ಲ, ಅದರ ಪಕ್ಕದಲ್ಲೇ ನೇತಾಡ್ತಿದ್ದ ಕಾರಿನ ಕೀ ಗೊಂಚಲು.

ಸೀಡರ್‌ಪಾರ್ಕ್_ಮೈಸೂರಿಗ

ತುಂಬಾ ಥ್ಯಾಂಕ್ಸ್. ಸರೋಜಕ್ಕ, ನಿಮ್ಮ ಉತ್ತರ ನನ್ನಾಕೆಗೆ ಓದಿ ಹೇಳಿದೆ. "ಅವರ ಅಂಗಡಿ ಅಡ್ರೆಸ್ ಕೇಳಿ, ಜೋಳದ ರೊಟ್ಟಿ ಸಿಗುತ್ತಾ" ಅಂದಳು, ಹಾಗಾಗಿ ನ್ಯೂಜೆರ್ಸಿ ಸದ್ಯಕ್ಕೆ ಮುಂದಕ್ಕೆ ಹೋಗಿದೆ. ಪಕ್ಕದ ಮನೆಯವರನ್ನ ತತ್ತಿ-ಶೇಂಗಾ ಲೆಕ್ಕದಲ್ಲೇ ಕೇಳ್ತೀವಿ.

ಗೌಡ್ರೇ, ಒಂದು ಉಪಪ್ರಶ್ನೆ. ಆಫೀಸ್ ಟೀಮಿನವರು ಮುಂದಿನ ಶುಕ್ರವಾರ ಶೂಟಿಂಗ್ ರೇಂಜ್‌ಗೆ ಹೋಗೋಣ ಅಂತಿದ್ದಾರೆ. ಗನ್ ಅಲ್ಲೇ ಬಾಡಿಗೆಗೆ ಕೊಡ್ತಾರಂತೆ. ನಾನು ಎಚ್-1ಬಿ, ಅಂದ್ರೆ ಕೆಲಸದ ವೀಸಾದಲ್ಲಿ ಇರೋನು. ಹೋಗಬಹುದಾ?

ಮದ್ದೂರ್_ಗೌಡ_ಡಲ್ಲಾಸ್

ಬೇಡ ಗುರು, ಮುಟ್ಟಲೇಬೇಡ! ಇದನ್ನ ಮೊದಲೇ ಬರೀಬೇಕು ಅಂತಿದ್ದೆ. ಟೆಕ್ಸಾಸ್ ಏನೇ ಅನ್ಲಿ, ಇದು ಫೆಡರಲ್ ಕಾನೂನು. ಎಚ್-1ಬಿ, ಎಚ್-4, ಎಲ್-1, ಎಫ್-1, ಊರಿಂದ ಬರೋ ಅಪ್ಪ ಅಮ್ಮನ ವಿಸಿಟರ್ ವೀಸಾ, ಎಲ್ಲಾ ನಾನ್-ಇಮಿಗ್ರಂಟ್, ಅಂದ್ರೆ ತಾತ್ಕಾಲಿಕ ವೀಸಾ ಲೆಕ್ಕ. ಇವರು ಗನ್ನಾಗಲಿ ಗುಂಡಾಗಲಿ ಇಟ್ಕೊಳ್ಳಂಗಿಲ್ಲ. ರೇಂಜ್‌ನಲ್ಲಿ ಅರ್ಧ ಗಂಟೆ ಬಾಡಿಗೆಗೆ ಹಿಡ್ಕೊಂಡ್ರೂ ಅದೇ ಲೆಕ್ಕ. ಬೇಟೆ ಲೈಸೆನ್ಸ್ ಇದ್ದೋರಿಗೆ ವಿನಾಯಿತಿ ಐತೆ, ಆದ್ರೆ ಅದನ್ನ ನಂಬ್ಕೊಂಡು ಹೋಗೋಕೆ ಮುಂಚೆ ಇಮಿಗ್ರೇಷನ್ ವಕೀಲರ ಹತ್ರ ಮಾತಾಡು. ಸಿಕ್ಕಿಹಾಕ್ಕೊಂಡ್ರೆ ಜೈಲು ಒಂದ್ಕಡೆ, ಗಡೀಪಾರು ಇನ್ನೊಂದ್ಕಡೆ. ಗ್ರೀನ್ ಕಾರ್ಡ್ ಬಂದ್ಮೇಲೆ ಈ ತಡೆ ಇರಲ್ಲ. ನಮ್ಮ ಸರತಿ ಸಾಲು ಎಷ್ಟು ಉದ್ದ ಅಂತ ನಿಂಗೆ ಗೊತ್ತಲ್ಲ.

ಟೀಮಿನವರಿಗೆ ಇದೆಲ್ಲ ಗೊತ್ತಿರಲ್ಲ, ಒತ್ತಾಯ ಮಾಡ್ತಾರೆ. ನಗ್ತಾ "ವೀಸಾ" ಅಂತ ಒಂದು ಮಾತು ಹೇಳು, ಬಿಡ್ತಾರೆ. ಆಮೇಲಿನ ಬಾರ್ಬೆಕ್ಯೂಗೆ ನೇರವಾಗಿ ಹೋಗ್ಬಿಡು. ಸಸ್ಯಾಹಾರಿ ಆದ್ರೆ ಆಲೂಗಡ್ಡೆ ಸಲಾಡೇ ಗತಿ. ಬೀನ್ಸ್ ತಗೋಬೇಡ, ಅದರಲ್ಲೂ ಮಾಂಸ ಹಾಕಿರ್ತಾರೆ.