ಹಿಮಾಲಯನ್‌ಗೆ ಎಕ್ಸ್‌ಟ್ರಾ ಲೈಟ್: ಫ್ಯೂಸ್ ಯಾಕೆ ಹೋಗುತ್ತದೆ, ಕನೆಕ್ಷನ್ ಎಲ್ಲಿಂದ ಕೊಡಬೇಕು?

ಪ್ರಶ್ನೆ (ಶಿವಮೊಗ್ಗ, ಹಿಮಾಲಯನ್ 411)

ಅಣ್ಣಾ ನಮಸ್ಕಾರ. ನನ್ನದು 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್. ಶುಕ್ರವಾರ ಕೆಲಸ ಮುಗಿಸಿ ಹೊರಟರೆ ಘಾಟಿ ಸಿಗುವಷ್ಟರಲ್ಲಿ ಕತ್ತಲಾಗಿರುತ್ತದೆ. ಕಂಪನಿ ಹೆಡ್‌ಲೈಟ್ ಸಾಲುವುದಿಲ್ಲ. ಅದಕ್ಕೆ ಎರಡು ಎಲ್‌ಇಡಿ ಲೈಟ್ ತಂದು ಇಲ್ಲೇ ಒಂದು ಗ್ಯಾರೇಜಿನಲ್ಲಿ ಹಾಕಿಸಿದೆ. ತಲಾ 40 ವ್ಯಾಟ್ ಅಂತ ಡಬ್ಬದ ಮೇಲಿದೆ. ಹೆಡ್‌ಲೈಟ್ ವೈರಿಗೇ ಜಾಯಿಂಟ್ ಕೊಟ್ಟಿದ್ದಾರೆ. ಈಗ ಈ ಲೈಟ್ ಹಾಕಿದ ತಕ್ಷಣ ಹೆಡ್‌ಲೈಟ್ ಮಂಕಾಗುತ್ತದೆ. ಎರಡು ಸಲ ಫ್ಯೂಸೂ ಹೋಯಿತು. ಕೇಳಿದರೆ "ದೊಡ್ಡ ಫ್ಯೂಸ್ ಹಾಕಿಬಿಡೋಣ, ಸರಿ ಹೋಗುತ್ತೆ" ಅಂದರು. ಹಾಕಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್)

ದೊಡ್ಡ ಫ್ಯೂಸ್ ಮಾತ್ರ ಬೇಡ. ಫ್ಯೂಸ್ ಇರುವುದು ವೈರ್ ಕಾಯುವುದಕ್ಕೆ. ಫ್ಯೂಸ್ ದೊಡ್ಡದಾಯಿತು, ವೈರ್ ಹಳೆಯದೇ ಉಳಿಯಿತು ಅಂದರೆ ಮುಂದಿನ ಸಲ ಸುಡುವುದು ವೈರ್. ಅದೂ ಪೆಟ್ರೋಲ್ ಟ್ಯಾಂಕ್ ಕೆಳಗೆ.

ಲೆಕ್ಕ ನೋಡಿ. ನಿಮ್ಮ ಹೆಡ್‌ಲೈಟಿನಲ್ಲಿ ಇರುವುದು 60/55 ವ್ಯಾಟಿನ ಎಚ್4 ಹ್ಯಾಲೊಜೆನ್ ಬಲ್ಬ್. ಗಾಡಿ ಓಡುವಾಗ ವೋಲ್ಟೇಜ್ 13.5 ಆಸುಪಾಸು ಇರುತ್ತದೆ. ಹೈ ಬೀಮಿಗೆ ಸುಮಾರು ನಾಲ್ಕೂವರೆ ಆಂಪಿಯರ್ ಬೇಕು. ಕಂಪನಿಯವರು ವೈರ್, ಸ್ವಿಚ್, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಎಲ್ಲ ಕೊಟ್ಟಿರುವುದು ಇಷ್ಟಕ್ಕೆ. ಡಬ್ಬದ ಮಾತು ನಿಜವಾದರೆ ನಿಮ್ಮ ಎರಡು ಲೈಟ್ ಸೇರಿ 80 ವ್ಯಾಟ್, ಅಂದರೆ ಇನ್ನೂ ಆರು ಆಂಪಿಯರ್. ನಾಲ್ಕೂವರೆ ಹರಿಯುವ ಕಡೆ ಹತ್ತೂವರೆ ಹರಿಸಿದರೆ ಫ್ಯೂಸ್ ಹೋಗದೆ ಇನ್ನೇನಾಗುತ್ತದೆ?

ಹೆಡ್‌ಲೈಟ್ ಮಂಕಾಗುವುದಕ್ಕೂ ಇದೇ ಕಾರಣ. ಸಣ್ಣ ವೈರಿನಲ್ಲಿ ಜಾಸ್ತಿ ಕರೆಂಟ್ ಹರಿದರೆ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಹತ್ತು ಪರ್ಸೆಂಟ್ ವೋಲ್ಟೇಜ್ ಕಡಿಮೆ ಸಿಕ್ಕರೆ ಬೆಳಕು ಹೆಚ್ಚುಕಮ್ಮಿ ಮೂವತ್ತು ಪರ್ಸೆಂಟ್ ಇಳಿದುಹೋಗುತ್ತದೆ. ಎಲ್‌ಇಡಿ ಒಳಗಿರುವ ಡ್ರೈವರ್ ಸರ್ಕ್ಯೂಟ್ ಸುಮ್ಮನಿರುವುದಿಲ್ಲ. ವೋಲ್ಟೇಜ್ ಕಡಿಮೆಯಾದಷ್ಟೂ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ದುಡ್ಡು ಕೊಟ್ಟು ಲೈಟ್ ಹಾಕಿಸಿ, ಇದ್ದ ಲೈಟನ್ನೂ ಕಳೆದುಕೊಂಡ ಹಾಗಾಯಿತು.

ಆ ಜಾಯಿಂಟ್ ಪೂರ್ತಿ ಬಿಚ್ಚಿಸಿ. ಬ್ಯಾಟರಿಯಿಂದ ಬೇರೆ ಲೈನ್ ಎಳೆಸಿ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್, ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಆಮೇಲೆ ಲೈಟ್. ಮೇನ್ ಲೈನಿಗೆ 1.5 ಸ್ಕ್ವೇರ್ ಎಂಎಂ ಆಟೋ ವೈರ್ ಸಾಕು. ಮನೆ ವೈರಿಂಗಿನ ವೈರ್ ತರಬೇಡಿ. ಅದರ ಎಳೆ ದಪ್ಪ, ಗಾಡಿಯ ನಡುಕಕ್ಕೆ ಒಳಗೊಳಗೇ ಮುರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ದೂರ ಹೊಡೆಯುವ ಲೈಟ್ ನಿಮ್ಮ ಡಿಪ್ಪರ್ ಜೊತೆಗೇ ಆರಬೇಕು. ಎದುರಿಗೆ ಬಸ್ ಬಂತು, ಹೆಬ್ಬೆರಳಿನಲ್ಲಿ ಡಿಮ್ ಮಾಡಿದಿರಿ, ಹೈ ಬೀಮೂ ಹೋಗಬೇಕು, ಎಕ್ಸ್‌ಟ್ರಾ ಲೈಟೂ ಹೋಗಬೇಕು. ಬೇರೆ ಸ್ವಿಚ್ ಹುಡುಕಿ ಆಫ್ ಮಾಡುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಘಾಟಿಯ ತಿರುವಿನಲ್ಲಿ ಕ್ಲಚ್ಚು, ಗೇರು, ಬ್ರೇಕು ಎಲ್ಲ ಒಟ್ಟಿಗೆ ಬರುವಾಗ ಯಾರೂ ಆಫ್ ಮಾಡುವುದಿಲ್ಲ.

ಮರುಪ್ರಶ್ನೆ (ಶಿವಮೊಗ್ಗ)

ಅರ್ಥವಾಯಿತು ಅಣ್ಣಾ. ಡಿಪ್ಪರ್ ಜೊತೆ ಆರುವ ಹಾಗೆ ಮಾಡುವುದು ಹೇಗೆ? ನಮ್ಮ ಗ್ಯಾರೇಜಿನವರಿಗೆ ನಾನೇ ಹೇಳಿಕೊಡಬೇಕಾಗಬಹುದು.

ಉತ್ತರ

ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ ತನ್ನಿ. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ತಿರುಗಿಸಿ ನೋಡಿದರೆ ಪಿನ್ ಪಕ್ಕ ನಂಬರ್ ಕೊರೆದಿರುತ್ತಾರೆ: 30, 87, 85, 86. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ಪ್ಲಸ್. 87ರಿಂದ ಎರಡೂ ಲೈಟಿನ ಪ್ಲಸ್. 85 ಮೈನಸ್‌ಗೆ. 86ಕ್ಕೆ ಹ್ಯಾಂಡಲ್ ಮೇಲಿನ ಹೊಸ ಸ್ವಿಚ್ಚಿನಿಂದ ಬಂದ ವೈರ್. ಆ ಸ್ವಿಚ್ಚಿನ ಇನ್ನೊಂದು ಕಡೆಯನ್ನು ಹೆಡ್‌ಲೈಟ್ ಕಪ್ಲರಿನ ಹೈ ಬೀಮ್ ವೈರಿಗೆ ಸೇರಿಸಬೇಕು. ಯಾವುದು ಹೈ ಬೀಮ್ ಅಂತ ಬಣ್ಣ ನೋಡಿ ಊಹಿಸಬೇಡಿ, ಮಲ್ಟಿಮೀಟರ್ ಇಟ್ಟು ಡಿಪ್ಪರ್ ಒತ್ತಿ ನೋಡಿ.

ಈಗ ಹೈ ಬೀಮ್ ಇದ್ದಾಗ ಮಾತ್ರ ರಿಲೇಗೆ ಜೀವ ಬರುತ್ತದೆ. ರಿಲೇ ಒಳಗಿನ ಕಾಯಿಲ್ ಎಳೆಯುವುದು ಸುಮಾರು 0.15 ಆಂಪಿಯರ್. ಕಂಪನಿ ವೈರಿಂಗಿಗೆ ಅದು ಲೆಕ್ಕಕ್ಕೇ ಇಲ್ಲ. ಪಾಸ್ ಲೈಟ್ ಒತ್ತಿದರೂ ಎಕ್ಸ್‌ಟ್ರಾ ಲೈಟ್ ಮಿಂಚುತ್ತದೆ, ಹಗಲು ಓವರ್‌ಟೇಕ್ ಮಾಡುವಾಗ ಅದೂ ಉಪಯೋಗ.

ಲೋ ಬೀಮ್ ವೈರಿಗೆ ಮಾತ್ರ ಕೊಡಿಸಬೇಡಿ. 2017ರ ಏಪ್ರಿಲ್‌ನಿಂದ ಬರುವ ಬೈಕುಗಳಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ. ಹೊಸ ಸ್ವಿಚ್ ಆನ್ ಇರುವುದನ್ನು ಮರೆತರೆ ಬೆಳಗಿನಿಂದ ಸಂಜೆವರೆಗೆ ಎಕ್ಸ್‌ಟ್ರಾ ಲೈಟೂ ಉರಿಯುತ್ತಲೇ ಇರುತ್ತದೆ.

ಅಂಗಡಿಯವರು ಐದು ಪಿನ್ನಿನ ರಿಲೇ ಕೊಟ್ಟರೆ ನಡುವಿನ 87ಎ ಪಿನ್ ಖಾಲಿ ಬಿಡಿ. ರಿಲೇ ಆಫ್ ಇದ್ದಾಗ 30 ಸೇರಿಕೊಂಡಿರುವುದು ಅದಕ್ಕೇ. "ಕೀ ತೆಗೆದರೂ ಲೈಟ್ ಉರಿಯುತ್ತೆ" ಅಂತ ಬರುವ ಗಾಡಿಗಳಲ್ಲಿ ಮೊದಲು ನಾನು ನೋಡುವುದೇ ಈ ಪಿನ್ನು. ರಿಲೇಯನ್ನು ಪಿನ್ ಕೆಳಮುಖವಾಗಿ ಕೂರಿಸಿ, ಮಳೆ ನೀರು ಒಳಗೆ ನಿಲ್ಲುವುದಿಲ್ಲ. ಜಾಯಿಂಟ್‌ಗಳಿಗೆ ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಬ್ಬರು (ಹುಬ್ಬಳ್ಳಿ)

ಸರ್, ರಿಲೇ ಗಿಲೇ ಎಲ್ಲ ಯಾಕ್ರೀ? ನಾನು ನೇರ ಬ್ಯಾಟರಿಗೆ ಕೊಟ್ಟು ನಡುವೆ ಒಂದು ಸ್ವಿಚ್ ಹಾಕಿದ್ದೇನೆ. ಏನೂ ಆಗಿಲ್ಲ.

ಉತ್ತರ

ಲೈಟ್ ಸಣ್ಣದಿದ್ದರೆ ನಡೆಯುತ್ತದೆ ಸರ್, ಇಲ್ಲ ಅನ್ನುವುದಿಲ್ಲ. ಡಬ್ಬದ ಮೇಲೆ 60 ವ್ಯಾಟ್ ಅಂತ ಇದ್ದು, ಮೀಟರ್ ಹಾಕಿ ನೋಡಿದರೆ ಒಂದೂವರೆ ಆಂಪಿಯರ್ ಎಳೆಯುವ ಲೈಟುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂದರೆ ನಿಜವಾಗಿ 20 ವ್ಯಾಟ್. ನಿಮ್ಮದೂ ಅಂಥದ್ದಿರಬಹುದು. ಮಲ್ಟಿಮೀಟರನ್ನು 10 ಆಂಪಿಯರ್ ಡಿಸಿಗೆ ಇಟ್ಟು, ಲೈಟಿನ ಪ್ಲಸ್ ವೈರಿನ ನಡುವೆ ಸೇರಿಸಿ ನೋಡಿ.

ಆದರೆ ಆರು ಆಂಪಿಯರ್ ಎಳೆಯುವ ಲೈಟಿಗೆ ಹ್ಯಾಂಡಲಿನ ಪ್ಲಾಸ್ಟಿಕ್ ಸ್ವಿಚ್ ತಾಳುವುದಿಲ್ಲ. ಜೊತೆಗೆ ನೇರ ಬ್ಯಾಟರಿಗೆ ಕೊಟ್ಟರೆ ಕೀ ತೆಗೆದ ಮೇಲೂ ಉರಿಯುತ್ತದೆ. 411ರ ಬ್ಯಾಟರಿ 8 ಆಂಪಿಯರ್ ಅವರ್. ಊಟಕ್ಕೆ ಅಂತ ನಿಲ್ಲಿಸಿ ಬರುವಷ್ಟರಲ್ಲಿ ಸೆಲ್ಫ್ ಎತ್ತುವುದಿಲ್ಲ. ಆ ಗಾಡಿಗೆ ಕಿಕ್ಕರ್ ಬೇರೆ ಇಲ್ಲ.

ಪ್ರಶ್ನೆ (ಚಿಕ್ಕಮಗಳೂರು)

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮಂಜು ಎಷ್ಟಿರುತ್ತದೆ ಅಂತ ಗೊತ್ತಲ್ಲ. ಹಳದಿ ಲೈಟ್ ಹಾಕಿದರೆ ಮಂಜು ಸೀಳಿಕೊಂಡು ಹೋಗುತ್ತದೆ ಅನ್ನುತ್ತಾರೆ. ಬಿಳಿ ತೆಗೆದು ಹಳದಿ ಹಾಕಿಸಲಾ?

ಉತ್ತರ

ಬಣ್ಣಕ್ಕೆ ದುಡ್ಡು ಸುರಿಯುವ ಮೊದಲು ಲೈಟ್ ಎಷ್ಟು ಎತ್ತರದಲ್ಲಿದೆ ನೋಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೆ ಹಳದಿ, ಬಿಳಿ ಎರಡೂ ಒಂದೇ, ಎರಡನ್ನೂ ಚದುರಿಸುತ್ತದೆ. ಹಳದಿಯಲ್ಲಿ ನೀಲಿ ಅಂಶ ಇಲ್ಲದ್ದರಿಂದ ಕಣ್ಣಿಗೆ ಹಿತ ಅನಿಸುತ್ತದೆ. ಒದ್ದೆ ಟಾರ್ ರಸ್ತೆಯಲ್ಲೂ ನನಗೆ ಹಳದಿಯೇ ಇಷ್ಟ. ಆದರೆ ಸೀಳುವುದು ಗೀಳುವುದು ಏನೂ ಇಲ್ಲ.

ಮಂಜಿನಲ್ಲಿ ಕೆಲಸ ಮಾಡುವುದು ಕೆಳಗೆ ಕೂರಿಸಿದ, ಅಗಲಕ್ಕೆ ಹರಡುವ, ಮೇಲ್ಭಾಗ ಕತ್ತರಿಸಿದ ಹಾಗೆ ನಿಲ್ಲುವ ಬೆಳಕು. ನಿಮ್ಮ ಕಣ್ಣಿನ ಎತ್ತರಕ್ಕೆ ಹತ್ತಿರ ಲೈಟ್ ಇದ್ದಷ್ಟೂ ಬೆಳಕು ವಾಪಸ್ ನಿಮ್ಮ ಮುಖಕ್ಕೇ ಬರುತ್ತದೆ. ಹಿಮಾಲಯನ್ ಟ್ಯಾಂಕಿನ ಪಕ್ಕದ ರ‍್ಯಾಕಿಗೆ ಲೈಟ್ ಕಟ್ಟುವವರು ಜಾಸ್ತಿ. ದೂರ ಹೊಡೆಯುವ ಲೈಟಿಗೆ ಅದು ಒಳ್ಳೆ ಜಾಗ, ಮಂಜಿಗೆ ಅಲ್ಲ. ಮಂಜಿನ ಲೈಟನ್ನು ಲೆಗ್ ಗಾರ್ಡಿನ ಕೆಳಭಾಗಕ್ಕೆ, ಪೈಪಿನ ಒಳಬದಿಗೆ ಹಾಕಿಸಿ. ಹೊರಗೆ ಚಾಚಿಕೊಂಡಿದ್ದರೆ ಗಾಡಿ ಒಮ್ಮೆ ವಾಲಿದರೆ ಲೈಟ್ ಹೋಯಿತು. ಆಯಿಲ್ ಕೂಲರಿಗೆ ಗಾಳಿ ಅಡ್ಡವಾಗದ ಹಾಗೆ ನೋಡಿಕೊಳ್ಳಿ. ನಟ್ ಮಾತ್ರ ನೈಲಾಕ್ (ಒಳಗೆ ನೈಲಾನ್ ರಿಂಗ್ ಇರುವುದು) ಇರಲಿ, ಸಾದಾ ನಟ್ ಒಂದು ಟ್ರಿಪ್ಪಿಗೇ ಸಡಿಲವಾಗುತ್ತದೆ.

ಮಂಜಿನ ಲೈಟಿಗೆ ರಿಲೇ, ಸ್ವಿಚ್ ಬೇರೆಯೇ ಇರಲಿ. ಅದು ಹೈ ಬೀಮ್ ಜೊತೆ ಬರಬಾರದು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಅಷ್ಟೇ. ಅದರ ರಿಲೇಗೆ ಪಾರ್ಕಿಂಗ್ ಲೈಟ್ ವೈರಿನಿಂದ ಕೊಡಿ.

ಪ್ರಶ್ನೆ (ಬೆಂಗಳೂರು)

ಪೊಲೀಸರು ಹಿಡಿದರೆ? ಇದಕ್ಕೆಲ್ಲ ಪರ್ಮಿಷನ್ ಇದೆಯಾ ಸರ್?

ಉತ್ತರ

ನಾನು ವಕೀಲ ಅಲ್ಲ, ಕೆಲಸಕ್ಕೆ ಬೇಕಾದಷ್ಟು ಗೊತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೇ ನಿಯಮ ನೋಡಿ. ಆರ್‌ಟಿಒ ಒಪ್ಪಿಗೆ ಇಲ್ಲದೆ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವ ಹಾಗಿಲ್ಲ. 106ನೇ ನಿಯಮದ ಪ್ರಕಾರ ಹೆಡ್‌ಲೈಟಿನ ಬೆಳಕು ಕೆಳಕ್ಕೆ ಬಾಗಿರಬೇಕು. 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಅದು ಕುಕ್ಕಬಾರದು. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ. ಕಾಯ್ದೆಯಲ್ಲಿ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1500ರವರೆಗೆ ದಂಡ.

ಆದ್ದರಿಂದ ಪೆನ್ಸಿಲ್ ಬೀಮ್ ಸ್ಪಾಟ್ ಲೈಟ್ ಹಾಕಿಕೊಡಿ ಅಂತ ಬಂದವರಿಗೆ ಮೊದಲು ಇದನ್ನು ಹೇಳುತ್ತೇನೆ. ಸಿಟಿಯೊಳಗೆ ಲೈಟಿಗೆ ಕವರ್ ಹಾಕಿಡಿ. ಬೀದಿದೀಪ ಇರುವ ಕಡೆ ಅದರ ಅವಶ್ಯಕತೆಯೂ ಇಲ್ಲ ಅಲ್ವಾ? ಕೆಂಪು-ನೀಲಿ ಮಿಣಮಿಣ ಲೈಟ್ ಕೇಳಿಕೊಂಡು ಬರುವ ಹುಡುಗರೂ ಇದ್ದಾರೆ. ಅವರನ್ನು ಹಾಗೇ ವಾಪಸ್ ಕಳಿಸುತ್ತೇನೆ.

ಪ್ರಶ್ನೆ (ಮೈಸೂರು, ಹಿಮಾಲಯನ್ 450)

ನನ್ನದು ಹೊಸ 450. ಹೆಡ್‌ಲೈಟ್ ಎಲ್‌ಇಡಿ, ಬಲ್ಬ್ ಕಪ್ಲರ್ ಅಂತ ಏನೂ ಇಲ್ಲ. ನಾನೂ ಹೈ ಬೀಮ್ ವೈರ್ ಚುಚ್ಚಬಹುದಾ? ವಾರಂಟಿ ಇನ್ನೂ ಇದೆ.

ಉತ್ತರ

ಬೇಡ ಮೇಡಂ. ನಿಮ್ಮ ಗಾಡಿ ಪೂರ್ತಿ ಎಲೆಕ್ಟ್ರಾನಿಕ್ಸ್ ಮೇಲೆ ನಡೆಯುವಂಥದ್ದು. ಎಲ್ಲೆಂದರಲ್ಲಿ ವೈರ್ ಚುಚ್ಚಿದರೆ ಮೀಟರಿನಲ್ಲಿ ಎರರ್ ಬರಬಹುದು. ವೈರಿಂಗ್ ಕತ್ತರಿಸಿದ್ದು ಕಂಡರೆ ಸರ್ವಿಸ್ ಸೆಂಟರಿನವರು ವಾರಂಟಿ ಕೊಡಲು ತಕರಾರು ತೆಗೆಯುತ್ತಾರೆ. ಕಂಪನಿ ಆಕ್ಸೆಸರಿ ಲೈಟ್ ಇದ್ದರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ. ಬೇರೆ ಲೈಟೇ ಬೇಕು ಅಂದರೆ ನಿಮ್ಮ ಗಾಡಿಯ ಕಪ್ಲರಿಗೇ ಕೂರುವ, ಕತ್ತರಿಸದೆ ಹಾಕುವ ಹಾರ್ನೆಸ್ (ರೆಡಿ ವೈರಿಂಗ್ ಸೆಟ್) ಹುಡುಕಿ. ಏನೇ ಮಾಡುವ ಮೊದಲು ಡೀಲರ್ ಹತ್ತಿರ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಮರುಪ್ರಶ್ನೆ (ಶಿವಮೊಗ್ಗ)

ಅಣ್ಣಾ, ನೀವು ಹೇಳಿದ ಹಾಗೆ ರಿಲೇ ಹಾಕಿಸಿದೆ. ಹೆಡ್‌ಲೈಟ್ ಈಗ ಮಂಕಾಗುತ್ತಿಲ್ಲ. ಆದರೆ ಎಡಗಡೆ ಲೈಟ್ ಬಲಗಡೆಯಷ್ಟು ಉರಿಯುತ್ತಿಲ್ಲ. ಲೈಟೇ ಹಾಳಾ?

ಉತ್ತರ

ಲೈಟಿಗಿಂತ ಮೊದಲು ಅರ್ತಿಂಗ್ ನೋಡಿ. ಎಡಗಡೆ ಮೈನಸ್ ವೈರನ್ನು ಲೆಗ್ ಗಾರ್ಡ್ ಬೋಲ್ಟಿಗೇ ಕಟ್ಟಿರುತ್ತಾರೆ. ಗಾರ್ಡಿಗೆ ಪೌಡರ್ ಕೋಟಿಂಗ್ ಇದೆ, ಕರೆಂಟ್ ಸರಿಯಾಗಿ ದಾಟುವುದಿಲ್ಲ. ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಲೈಟಿನ ಮೈನಸ್‌ಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಹಿಡಿದು ಲೈಟ್ ಹಾಕಿ. ಸೊನ್ನೆಗೆ ಹತ್ತಿರ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿಬಿದ್ದ. ಎರಡೂ ಲೈಟಿನ ಮೈನಸನ್ನು ವೈರಿನಲ್ಲೇ ಬ್ಯಾಟರಿವರೆಗೆ ತಂದುಬಿಡಿ.

ಅಲ್ಲಿ ಸರಿ ಇದ್ದರೆ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಬೆಳಕು ಹೆಚ್ಚುಕಮ್ಮಿಯಾದರೆ ಹ್ಯಾಂಡಲ್ ಕುತ್ತಿಗೆ ಹತ್ತಿರ ವೈರ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ.

ಮರುಪ್ರಶ್ನೆ (ಶಿವಮೊಗ್ಗ)

0.9 ತೋರಿಸಿತು! ಮೈನಸ್ ಬ್ಯಾಟರಿಗೆ ತಂದ ಮೇಲೆ ಎರಡೂ ಒಂದೇ ಸಮ. ಕೊನೆಯದಾಗಿ, ಲೈಟ್ ಎಷ್ಟು ಬಗ್ಗಿಸಬೇಕು? ಹೆಂಡತಿ ಜೊತೆಗೆ ಬರುತ್ತಾಳೆ, ಹಿಂದೆ ಬ್ಯಾಗೂ ಇರುತ್ತದೆ.

ಉತ್ತರ

ಹಾಗಿದ್ದರೆ ಇಬ್ಬರೂ ಕೂತು, ಬ್ಯಾಗ್ ಕಟ್ಟಿಯೇ ಅಡ್ಜಸ್ಟ್ ಮಾಡಿ. ಖಾಲಿ ಗಾಡಿಯಲ್ಲಿ ಸೆಟ್ ಮಾಡಿದರೆ ಹಿಂಭಾಗ ಕುಸಿದಾಗ ಬೆಳಕು ಮರದ ಕೊಂಬೆ ತೋರಿಸುತ್ತದೆ. ಲೋಡಿಗೆ ತಕ್ಕ ಹಾಗೆ ಹಿಂದಿನ ಶಾಕ್ ಅಬ್ಸಾರ್ಬರ್ ಪ್ರೀಲೋಡನ್ನು (ಸ್ಪ್ರಿಂಗಿನ ಬಿಗಿ) ಮೊದಲೇ ಬಿಗಿ ಮಾಡಿಕೊಳ್ಳಿ, ಟೈರಿನ ಗಾಳಿಯೂ ಸರಿಯಾಗಿರಲಿ.

ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ ಏಳೂವರೆ ಮೀಟರ್ ದೂರ, ಅಂದರೆ 25 ಅಡಿ, ಗಾಡಿ ನೇರ ನಿಲ್ಲಿಸಿ. ಮೂರನೆಯವರೊಬ್ಬರು ಬೇಕಾಗುತ್ತದೆ. ನೆಲದಿಂದ ಎಕ್ಸ್‌ಟ್ರಾ ಲೈಟಿನ ನಡುಭಾಗ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಬೆಳಕಿನ ಮೇಲಂಚು ಆ ಟೇಪಿಗಿಂತ ಏಳೆಂಟು ಸೆಂಟಿಮೀಟರ್ ಕೆಳಗೆ ಬೀಳಬೇಕು. ಹೈ ಬೀಮ್ ಜೊತೆ ಉರಿಯುವ ಲೈಟಿನಲ್ಲಿ ಅಂಚು ಸರಿಯಾಗಿ ಕಾಣದಿದ್ದರೆ ಅತಿ ಪ್ರಕಾಶದ ನಡುಭಾಗ ಟೇಪಿಗಿಂತ ಮೇಲೆ ಹೋಗದಿರಲಿ. ಬೋಲ್ಟ್ ಬಿಗಿ ಮಾಡುವಾಗ ಲೈಟ್ ಸ್ವಲ್ಪ ತಿರುಗಿಬಿಡುತ್ತದೆ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೋಡೆ ನೋಡಿ.