ಬೀದಿ ಛಾಯಾಗ್ರಹಣ: ನನ್ನ ಚಿತ್ರಗಳಲ್ಲಿ ಬರೀ ಬೆನ್ನುಗಳೇ ಏಕೆ?

ಪ್ರಶ್ನೆ:
ಯಾರ ಬಳಿಯೂ ಕಲಿಯದೆ, ಒಂದು ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಮತ್ತು ಅಗಲ ನೋಟದ 28 ಎಂ.ಎಂ. ಲೆನ್ಸ್ ಇಟ್ಟುಕೊಂಡು ಮೂರು ವರ್ಷಗಳಿಂದ ಬೀದಿಯಲ್ಲಿ ಚಿತ್ರ ತೆಗೆಯುತ್ತಿದ್ದೇನೆ. ಮೊನ್ನೆ ಮಳೆಯಲ್ಲಿ ಒಬ್ಬರು ಕೊಡೆಯ ಹಿಡಿಯನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮಂಡಿಯೂರಿ ಮಗುವಿನ ಶೂ ಲೇಸ್ ಕಟ್ಟುತ್ತಿದ್ದರು. ಮಗು ಅವರ ನೆತ್ತಿಯ ಮೇಲೆ ಅಂಗೈ ಊರಿ ಒಂಟಿ ಕಾಲಿನಲ್ಲಿ ನಿಂತಿತ್ತು. ನಾನು ಕ್ಯಾಮೆರಾ ಎತ್ತಿ ಫೋಕಸ್ ಹಿಡಿಯುವಷ್ಟರಲ್ಲಿ ಗಂಟು ಬಿದ್ದು ಇಬ್ಬರೂ ಹೊರಟಾಗಿತ್ತು. ಸಿಕ್ಕಿದ್ದು ಎರಡು ಬೆನ್ನುಗಳು. ಹಳೆಯ ಚಿತ್ರಗಳನ್ನು ತೆರೆದು ನೋಡಿದರೆ ಅಲ್ಲಿಯೂ ಹೆಚ್ಚಿನವು ಬೆನ್ನುಗಳೇ. ಚೆಲುವು ಕಣ್ಣಿಗೆ ಕಾಣುತ್ತಿದೆ, ಚಿತ್ರಕ್ಕೆ ಮಾತ್ರ ಇಳಿಯುತ್ತಿಲ್ಲ. ಇದು ಕೈಯ ದೋಷವೋ, ಧೈರ್ಯದ ಕೊರತೆಯೋ?

ಉತ್ತರ 1:
ಎರಡೂ ಇರಬಹುದು, ಆದರೆ ಕೈಯನ್ನು ಸರಿಪಡಿಸುವುದು ಸುಲಭ. ಆಟೋಫೋಕಸ್ ಬಿಟ್ಟು, ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು, ಎಫ್/8ಕ್ಕೆ ಇರಿಸಿ, ಫೋಕಸನ್ನು ಎರಡೂವರೆ ಮೀಟರಿಗೆ ನಿಲ್ಲಿಸಿಬಿಡಿ. ನಿಮ್ಮ ಲೆನ್ಸಿನಲ್ಲಿ ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗೆ ಇರುವುದೆಲ್ಲವೂ ಸಾಕಷ್ಟು ಸ್ಪಷ್ಟವಾಗಿ ಮೂಡುತ್ತದೆ. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟರೆ, ಕ್ಷಣ ಎದುರಾದಾಗ ಗುಂಡಿ ಒತ್ತುವುದೊಂದೇ ಕೆಲಸ ಉಳಿಯುತ್ತದೆ. ಮಳೆಯ ಮಬ್ಬಿನಲ್ಲಿ ಚಿತ್ರದಲ್ಲಿ ಸ್ವಲ್ಪ ಕಾಳುಕಾಳಾದ ಚುಕ್ಕೆಗಳು ಕಾಣಿಸಿಕೊಂಡಾವು, ಇರಲಿ.

ಇನ್ನೊಂದು ಮಾತು. ನೀವು ಜನರ ಹಿಂದೆ ನಡೆಯುತ್ತಿರುವುದರಿಂದಲೇ ಬೆನ್ನುಗಳು ಸಿಗುತ್ತಿವೆ ಎಂದು ನನ್ನ ಅನುಮಾನ. ಎರಡು ಕಟ್ಟಡಗಳ ಸಂದಿಯಿಂದ ಬಿಸಿಲಿನ ಒಂದು ಪಟ್ಟಿ ನೆಲಕ್ಕೆ ಬೀಳುವ ಜಾಗವನ್ನು ಹುಡುಕಿ, ಅದರಾಚೆ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಜನರು ತಾವಾಗಿಯೇ ನಿಮ್ಮ ಕಡೆಗೆ, ಮುಖಕ್ಕೆ ಬೆಳಕು ಹೊತ್ತು ಬರುತ್ತಾರೆ.

ಉತ್ತರ 2:
ಫೋಕಸ್ ವಿಷಯವನ್ನು ಒಪ್ಪುತ್ತೇನೆ. ಕಾದು ನಿಲ್ಲುವುದನ್ನು ಪೂರ್ತಿ ಒಪ್ಪಲಾರೆ. ಬೆಳಕಿನ ಪಟ್ಟಿಯಲ್ಲಿ ಕಾದು ತೆಗೆದ ಚಿತ್ರಗಳು ಸುಂದರವಾಗಿರುತ್ತವೆ, ಆದರೆ ಹತ್ತು ನೋಡಿದ ಮೇಲೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುತ್ತವೆ. ಲೇಸ್ ಕಟ್ಟುವ ಕೈಗಳು ಅಂತಹ ಪಟ್ಟಿಯನ್ನು ಹುಡುಕಿಕೊಂಡು ಬರುವುದಿಲ್ಲ. ಅದಕ್ಕೆ ಹತ್ತಿರ ಹೋಗಲೇಬೇಕು.

ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, ಷಿಕಾಗೋ ಬೀದಿಗಳ ಅಸಂಖ್ಯ ಚಿತ್ರಗಳನ್ನು ತೆಗೆದ ವಿವಿಯನ್ ಮೇಯರ್ (1926–2009) ಬಳಸುತ್ತಿದ್ದ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ ಮೇಲಿನಿಂದ ನೋಡಬೇಕಿತ್ತು. ಕಣ್ಣಿಗೆ ಯಂತ್ರ ಅಡ್ಡ ಬರದ ಕಾರಣ ಎದುರಿನವರಿಗೆ ಅದು ಗುರಿಯಿಟ್ಟಂತೆ ಅನಿಸುವುದು ಕಡಿಮೆ. ನಿಮ್ಮ ಕ್ಯಾಮೆರಾದ ಪರದೆ ಮೇಲಕ್ಕೆ ಮಡಚುವಂತಿದ್ದರೆ ಅದೇ ರೀತಿ ಹಿಡಿದು ನೋಡಿ. ಯಾರಾದರೂ ಗಮನಿಸಿದರೆ ನಸುನಕ್ಕು ಚಿತ್ರ ತೋರಿಸಿ, ಬೇಡವೆಂದರೆ ಅಳಿಸಿ. ಮಗುವಿದ್ದಲ್ಲಿ ಜೊತೆಗಿರುವ ಹಿರಿಯರನ್ನು ಕೇಳುವುದು ಸರಿ.

ಉತ್ತರ 3:
ಬೆನ್ನುಗಳನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ನ್ಯೂಯಾರ್ಕಿನ ಛಾಯಾಗ್ರಾಹಕ ಸಾಲ್ ಲೈಟರ್ ತಮ್ಮ ಮನೆಯ ಸುತ್ತಲಿನ ಬೀದಿಗಳಲ್ಲೇ ದಶಕಗಳ ಕಾಲ ಚಿತ್ರ ತೆಗೆದವರು. ಹಬೆ ಹಿಡಿದ ಗಾಜಿನಾಚೆಯ ಆಕೃತಿಗಳು, ಮುಖವನ್ನೇ ಮರೆಮಾಡಿದ ಕೊಡೆಗಳು ಅವರ ಚಿತ್ರಗಳಲ್ಲಿ ಧಾರಾಳವಾಗಿವೆ. ಆ ಎರಡು ಬೆನ್ನುಗಳ ಚಿತ್ರದಲ್ಲಿ ಕೊಡೆ ಈಗ ಯಾರ ಕೈಯಲ್ಲಿದೆ?

ಪ್ರಶ್ನೆ ಕೇಳಿದವರು:
ಈಗ ದೊಡ್ಡದು ಮಾಡಿ ನೋಡಿದೆ. ಕೊಡೆ ಮಗುವಿನ ಕೈಯಲ್ಲಿದೆ. ಎರಡೂ ಕೈಗಳಿಂದ ಎತ್ತಿ ಹಿಡಿದಿದೆ, ದೊಡ್ಡವರು ಅದರಡಿಯಲ್ಲಿ ಹಿಡಿಸಲೆಂದು ಸೊಂಟ ಬಗ್ಗಿಸಿ ನಡೆಯುತ್ತಿದ್ದಾರೆ. ಬೆನ್ನುಗಳೆಂದು ಇದನ್ನು ಅಳಿಸುವುದರಲ್ಲಿದ್ದೆ. ಫೋಕಸ್ ಎರಡೂವರೆ ಮೀಟರಿಗೆ ನಿಲ್ಲಿಸಿದ್ದೇನೆ, ಲೆನ್ಸಿನ ಉಂಗುರ ಸರಿಯದಂತೆ ಒಂದು ತುಂಡು ಟೇಪನ್ನೂ ಅಂಟಿಸಿದ್ದೇನೆ.