ಶೂ ಡಬ್ಬದ ಪ್ರೊಜೆಕ್ಟರ್: ಗೋಡೆ ಮೇಲೆ ಬರೀ ಬೆಳಕು, ಚಿತ್ರ ಬರುತ್ತಿಲ್ಲ

ಒಂಟಿಕೊಪ್ಪಲ್_ಅಪ್ಪ:
ಎರಡು ಭಾನುವಾರ ಹಾಳಾಯ್ತು. ಮಗಳ ಕೈಲಿ ಬೈಸಿಕೊಳ್ಳುತ್ತಿದ್ದೇನೆ. ಶೂ ಡಬ್ಬಕ್ಕೆ ತೂತು ಕೊರೆದು ಭೂತಗನ್ನಡಿ ಅಂಟಿಸಿದೆ, ಒಳಗೆ ಮೊಬೈಲ್ ಇಟ್ಟೆ. ಕಿಟಕಿ ಮುಚ್ಚಿ ಲೈಟ್ ಆರಿಸಿದರೂ ಗೋಡೆ ಮೇಲೆ ಬರೀ ಮಬ್ಬು ಬೆಳಕು. ಗಾಜೇನೋ ಸರಿ ಇದೆ. ತೂತಿನಲ್ಲಿ ಇಣುಕಿದರೆ ಚಿತ್ರ ದೊಡ್ಡದಾಗಿ, ನೆಟ್ಟಗೆ ಕಾಣುತ್ತದೆ. ಗೋಡೆಗೆ ಬರೋಕೆ ಏನು ರೋಗ?

ಮಂಡ್ಯ_ಲುಮೆನ್:
ಬ್ರೈಟ್‌ನೆಸ್ ಸಾಲದು ಗುರು. ಫುಲ್ ಇಡಿ.

ಒಂಟಿಕೊಪ್ಪಲ್_ಅಪ್ಪ:
ಫುಲ್ಲೇ ಇದೆ.

ಮಂಡ್ಯ_ಲುಮೆನ್:
ಆಟೋ ಆಫ್ ಮಾಡಿದ್ದೀರಾ? ಡಬ್ಬದೊಳಗೆ ಕತ್ತಲೆ ಅಲ್ವಾ, ಮೊಬೈಲ್ ತಾನೇ ಬೆಳಕು ಇಳಿಸಿಬಿಡುತ್ತದೆ. ಒಳಗೆಲ್ಲ ಕಪ್ಪು ಕಾಗದ ಅಂಟಿಸಿ.

ಒಂಟಿಕೊಪ್ಪಲ್_ಅಪ್ಪ:
ಎರಡೂ ಮಾಡಿದೆ. ಈಗ ಕಪ್ಪು ಡಬ್ಬದಿಂದ ಮಬ್ಬು ಬೆಳಕು ಬರುತ್ತಿದೆ.

ತಾರಸಿ_ಟೆಲಿಸ್ಕೋಪ್:
ಭೂತಗನ್ನಡಿ ಬಿಡಿ ಸಾರ್. ನನ್ನ 6 ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್‌ನಲ್ಲಿ ಕುವೆಂಪುನಗರದ ತಾರಸಿಯಿಂದಲೇ ಶನಿಯ ಉಂಗುರ ಕಾಣುತ್ತದೆ. ಸ್ಟ್ಯಾಂಡ್ ನಾನೇ ಮಾಡಿದ್ದು, ತೇಗದ ಮರ.

ಹತ್ತನೇ_ಕ್ಲಾಸ್_ಮೇಷ್ಟ್ರು:
ತೇಗ ಆಮೇಲೆ ನೋಡೋಣ. ಅಪ್ಪನವರೇ, ‘ನೆಟ್ಟಗೆ ಕಾಣುತ್ತದೆ’ ಅಂದಿರಲ್ಲ, ರೋಗ ಅಲ್ಲೇ ಇದೆ. ನಿಮ್ಮ ಭೂತಗನ್ನಡಿಯಂಥ ನಡು ಉಬ್ಬಿದ ಗಾಜು, ಅಂದರೆ ಒಂದೇ ಪೀನ ಮಸೂರದಲ್ಲಿ ನೆಟ್ಟಗೆ, ದೊಡ್ಡದಾಗಿ ಕಂಡರೆ ಅದು ಮಿಥ್ಯ ಪ್ರತಿಬಿಂಬ. ಗಾಜು ದಾಟಿದ ಮೇಲೂ ಕಿರಣಗಳು ಹರಡಿಕೊಂಡೇ ಹೋಗುತ್ತವೆ. ಅವನ್ನು ಕೂಡಿಸುವುದು ನಿಮ್ಮ ಕಣ್ಣು. ಗೋಡೆಗೆ ಕಣ್ಣಿಲ್ಲ. ಮೊಬೈಲಿಗೂ ಗಾಜಿಗೂ ಎಷ್ಟು ದೂರ? ಗಾಜಿನ ಸಂಗಮ ದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಅದು ಒಂದೆಡೆ ಕೂಡಿಸುವ ದೂರ, ಎಷ್ಟು? ಹಗಲಲ್ಲಿ ಕಿಟಕಿಯ ಎದುರು ಗೋಡೆ ಹತ್ತಿರ ಗಾಜು ಹಿಡಿಯಿರಿ. ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಗೋಡೆ ಮೇಲೆ ಚೂಪಾಗಿ ಮೂಡಿದಾಗ, ಗಾಜಿನಿಂದ ಗೋಡೆಗೆ ಸ್ಕೇಲ್ ಇಡಿ. ಹೆಚ್ಚುಕಮ್ಮಿ ಅದೇ ಸಂಗಮ ದೂರ.

ಒಂಟಿಕೊಪ್ಪಲ್_ಅಪ್ಪ:
ಅಳತೆ 10 ಸೆಂ.ಮೀ. ಬಂತು. ಮೊಬೈಲ್ 8ರಲ್ಲಿದೆ. ಹೇಳೋದು ಮರೆತೆ, ಇದು ಮಗಳ ಶೂ ಡಬ್ಬ, ಚಿಕ್ಕದು. ಗಾಜು ಉದ್ದದ ಬದಿಗೆ ಅಂಟಿಸಿದ್ದೇನೆ, ಮೊಬೈಲ್ ಹಿಂದೆ ಸ್ಟ್ಯಾಂಡ್ ಬೇರೆ.

ಹತ್ತನೇ_ಕ್ಲಾಸ್_ಮೇಷ್ಟ್ರು:
ಇದನ್ನು ಮೊದಲೇ ಹೇಳಬಾರದಿತ್ತೇ! 8 ಅಂದರೆ ಸಂಗಮ ದೂರದ ಒಳಗೇ ಆಯ್ತು. ಅಲ್ಲಿಟ್ಟರೆ ಬಿಂಬ ಮೊಬೈಲ್ ಇರುವ ಕಡೆಯೇ, ಗಾಜಿನಿಂದ 40 ಸೆಂ.ಮೀ. ಹಿಂದೆ ಇದ್ದಂತೆ ತೋರುತ್ತದೆ, 5 ಪಟ್ಟು ದೊಡ್ಡದಾಗಿ. ಗೋಡೆಯನ್ನು ಎಲ್ಲಿಟ್ಟರೂ ಸಿಗಲ್ಲ. ಸಂಗಮ ದೂರ ದಾಟಿಸಿ 11ಕ್ಕೆ ತನ್ನಿ. ಗಾಜಿನಿಂದ 110 ಸೆಂ.ಮೀ. ಆಚೆ ಸತ್ಯ ಪ್ರತಿಬಿಂಬ ಬೀಳುತ್ತದೆ, 10 ಪಟ್ಟು ದೊಡ್ಡದು, ತಲೆಕೆಳಗು. ಅರ್ಧ ಸೆಂ.ಮೀ. ಕಮ್ಮಿ ಮಾಡಿ 10.5ಕ್ಕೆ ಇಟ್ಟರೆ ಅದು 210ಕ್ಕೆ ಓಡುತ್ತದೆ. ಅದಕ್ಕೇ ಗಾಜು ಅಂಟಿಸಬೇಡಿ, ಜಾರುವ ಹಾಗೆ ಇಡಿ.

ತಾರಸಿ_ಟೆಲಿಸ್ಕೋಪ್:
ಮಿಥ್ಯ ಬಿಂಬವನ್ನು ಕ್ಯಾಮೆರಾದಲ್ಲೂ ಹಿಡಿಯೋಕಾಗಲ್ಲ, ಅಲ್ವಾ ಮೇಷ್ಟ್ರೇ?

ಮಂಡ್ಯ_ಲುಮೆನ್:
ನೀವು ಕನ್ನಡಿ ಮುಂದೆ ನಿಂತು ಸೆಲ್ಫಿ ತೆಗೆದಿಲ್ವಾ? ಕನ್ನಡಿಯಲ್ಲಿರುವುದೂ ಮಿಥ್ಯವೇ. ಕ್ಯಾಮೆರಾ ತನ್ನ ಮಸೂರದಿಂದ ಕಿರಣ ಕೂಡಿಸಿಕೊಳ್ಳುತ್ತದೆ.

ತಾರಸಿ_ಟೆಲಿಸ್ಕೋಪ್:
ಕನ್ನಡಿ ಬೇರೆ, ಮಸೂರ ಬೇರೆ ಕಣ್ರೀ.

ಒಂಟಿಕೊಪ್ಪಲ್_ಅಪ್ಪ:
ಜಗಳ ನಿಲ್ಲಿಸಿ, ಚಿತ್ರ ಬಂತು! ದೊಡ್ಡ ಡಬ್ಬ, 11 ಸೆಂ.ಮೀ. ತಲೆಕೆಳಗಿತ್ತು, ಮೊಬೈಲ್ ತಿರುಗಿಸಿಟ್ಟೆ. ಅದು ಬುದ್ಧಿವಂತ, ಚಿತ್ರವನ್ನೂ ತಿರುಗಿಸಿಬಿಟ್ಟಿತು. ರೊಟೇಶನ್ ಲಾಕ್ ಮಾಡಿದೆ. ಈಗ ನೆಟ್ಟಗಿದೆ, ಆದರೆ ಅಕ್ಷರಗಳೆಲ್ಲ ಎಡಬಲ ಅದಲುಬದಲು.

ಹತ್ತನೇ_ಕ್ಲಾಸ್_ಮೇಷ್ಟ್ರು:
ಮೊಬೈಲ್ ಗೋಡೆಗೆ ಮುಖ ಮಾಡಿದೆ, ನೀವು ಅದರ ಬೆನ್ನ ಹಿಂದೆ ಕೂತಿದ್ದೀರಿ. ತಲೆಕೆಳಗು ಮಾಡಿದರೂ ಆ ಅದಲುಬದಲು ಉಳಿಯುತ್ತದೆ. ಗೋಡೆ ಬಿಡಿ. ಬಾಗಿಲಿಗೆ ತೆಳ್ಳನೆಯ ಬಿಳಿ ಪಂಚೆ ಕಟ್ಟಿ, ಆಚೆ ಕಡೆ ಕೂತು ನೋಡಿ.

ಒಂಟಿಕೊಪ್ಪಲ್_ಅಪ್ಪ:
ನಮ್ಮಪ್ಪನ ಪಂಚೆ ಕಟ್ಟಿದೆವು. ಅಕ್ಷರ ಸರಿಯಾಯ್ತು! ಮಗಳು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ನೋಡುತ್ತಿದ್ದಾಳೆ. ಸ್ವಲ್ಪ ಮಂಕು, ಅಷ್ಟೇ.

ಮಂಡ್ಯ_ಲುಮೆನ್:
10 ಪಟ್ಟು ಉದ್ದ, 10 ಪಟ್ಟು ಅಗಲ. ಅಷ್ಟೇ ಬೆಳಕು 100 ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ, ಅದರ ಮೇಲೆ ಪಂಚೆ ಬೇರೆ. ಬ್ರೈಟ್‌ನೆಸ್ ಅಂತ ನಾನು ಮೊದಲೇ ಬಡ್ಕೊಂಡೆ.